ಮೊದಲು ಜನ ಎಣಿಸು, ಆಮೇಲೆ ಕೋಣೆ ಆರಿಸು

ಮಗಳೇ, ಅಪ್ಪ-ಅವ್ವನನ್ನು ಕುರುಗೋಡಿನಿಂದ ಕರೆಸಿಕೊಂಡು ಆಮ್‌ಸ್ಟರ್‌ಡ್ಯಾಂನಿಂದ ಬಾಸೆಲ್‌ವರೆಗೆ ರೈನ್ ನದಿಯ ಮೇಲೆ ಒಂದು ವಾರ ಹಡಗಿನಲ್ಲಿ ಕರೆದೊಯ್ಯುತ್ತೇನೆ ಅಂದಿದ್ದೀಯ. ಕೇಳಿ ಬಹಳ ಸಂತೋಷವಾಯಿತು. ನೀನು ಕೇಳಿದ್ದು ಒಂದೇ ಪ್ರಶ್ನೆ: ಕೆಳಗಿನ ಡೆಕ್ಕಿನ ಸಾದಾ ಕ್ಯಾಬಿನ್ ಸಾಕೋ, ರೊಕ್ಕ ಹೆಚ್ಚಾದರೂ ಬಾಲ್ಕನಿ ಇರುವುದನ್ನೇ ಹಿಡಿಯಬೇಕೋ? ಬಳ್ಳಾರಿಯಲ್ಲಿ ಮಕ್ಕಳು ಹೊರದೇಶದಲ್ಲಿರುವ ಮನೆಗಳಲ್ಲಿ ಈಗ ಈ ಮಾತು ಬರುತ್ತಲೇ ಇರುತ್ತದೆ. ಅದಕ್ಕೇ ನಿನಗೆ ಹೇಳುವುದನ್ನು ಅವರಿಗೂ ಉಪಯೋಗವಾಗುವ ಹಾಗೆ ಬಿಡಿಸಿ ಹೇಳುತ್ತೇನೆ.

ಒಂದೇ ಮಾತಿನ ಉತ್ತರ ಬೇಕಾದರೆ ಇದು: ಅಪ್ಪ-ಅವ್ವನಿಗೆ ನಡುವಿನ ಡೆಕ್ಕಿನಲ್ಲಿ, ಲಿಫ್ಟಿನ ಹತ್ತಿರ, ದೊಡ್ಡ ಗಾಜಿನ ಬಾಗಿಲಿರುವ ಕೋಣೆ ತಗೋ. ನಿನಗೆ ಕೆಳಗಿನ ಸಾದಾ ಕ್ಯಾಬಿನ್ ಸಾಕು. ಉಳಿದ ರೊಕ್ಕದಲ್ಲಿ ಸಿರುಗುಪ್ಪದ ಚಿಕ್ಕಮ್ಮನನ್ನೂ ಕರೆದುಕೊಂಡು ಹೋಗು. ಯಾಕೆ ಹೀಗೆ ಹೇಳುತ್ತೇನೆ, ಕೇಳು.

ನದಿಯ ಹಡಗನ್ನು ಸಮುದ್ರದ ಹಡಗಿನ ಲೆಕ್ಕದಲ್ಲಿ ನೋಡಬೇಡ. ಸಮುದ್ರದಲ್ಲಿ ದಿನಗಟ್ಟಲೆ ದಡ ಕಾಣುವುದಿಲ್ಲ, ಸಾವಿರಾರು ಜನರ ಗದ್ದಲದಿಂದ ತಪ್ಪಿಸಿಕೊಳ್ಳಲು ಸ್ವಂತ ಬಾಲ್ಕನಿ ಬೇಕೆನಿಸುತ್ತದೆ. ಯೂರೋಪಿನ ನದಿ ಹಡಗುಗಳು ಉದ್ದಕ್ಕೆ ಹೆಚ್ಚೆಂದರೆ 135 ಮೀಟರ್, ಅಗಲಕ್ಕೆ 11.4 ಮೀಟರ್. ಹಡಗನ್ನು ಗೇಟುಗಳ ನಡುವೆ ನಿಲ್ಲಿಸಿ ನೀರಿನ ಒಂದು ಮಟ್ಟದಿಂದ ಇನ್ನೊಂದಕ್ಕೆ ಏರಿಸುವ, ಇಳಿಸುವ ಕಟ್ಟೆಗೆ ಲಾಕ್ ಅನ್ನುತ್ತಾರೆ; ಅಲ್ಲಿನ ಅನೇಕ ಲಾಕ್‌ಗಳು 12 ಮೀಟರ್ ಅಗಲ ಇರುವುದರಿಂದ ಅದಕ್ಕಿಂತ ಅಗಲವಾಗಿ ಹಡಗು ಕಟ್ಟುವ ಹಾಗಿಲ್ಲ. ಸೇತುವೆಗಳ ಕೆಳಗೆ ನುಸುಳಬೇಕಾದ್ದರಿಂದ ಎತ್ತರಕ್ಕೂ ಮಿತಿ ಇದೆ. ಸಾಮಾನ್ಯವಾಗಿ ಮೂರು ಅಂತಸ್ತು, ಮೇಲೆ ಎಲ್ಲರಿಗೂ ತೆರೆದ ಸನ್ ಡೆಕ್. ಊಟದ ಹಾಲ್ ಒಂದೇ. ಕೆಳಗಿನ ಕ್ಯಾಬಿನ್‌ನವರಿಗೂ ಮೇಲಿನ ಸೂಟ್‌ನವರಿಗೂ ಬಹುಪಾಲು ಅದೇ ಊಟ, ಅದೇ ಗೈಡ್, ಅದೇ ಊರು ತಿರುಗಾಟ. ಹೆಚ್ಚಿನ ರೊಕ್ಕ ಕೊಟ್ಟು ನೀನು ಕೊಳ್ಳುವುದು ಒಂದು ಕಿಟಕಿಯನ್ನು, ಅಷ್ಟೇ.

ಆ ಕಿಟಕಿಯಲ್ಲಿ ಮೂರು ಬಗೆ ಇವೆ. ಕೆಳಗಿನ ಡೆಕ್ಕಿನ ಕ್ಯಾಬಿನ್ ಅರ್ಧದಷ್ಟು ನೀರಿನ ಮಟ್ಟಕ್ಕಿಂತ ಕೆಳಗಿರುತ್ತದೆ. ಕಿಟಕಿ ಚಿಕ್ಕದು, ಗೋಡೆಯಲ್ಲಿ ಎತ್ತರಕ್ಕಿರುತ್ತದೆ, ತೆರೆಯಲು ಬರುವುದಿಲ್ಲ. ನಡುವಿನ ಮತ್ತು ಮೇಲಿನ ಡೆಕ್ಕಿನಲ್ಲಿ 'ಫ್ರೆಂಚ್ ಬಾಲ್ಕನಿ' ಎಂದು ಬರೆದಿದ್ದರೆ ಅಲ್ಲಿ ಕುರ್ಚಿ ಹಾಕುವ ಜಾಗ ಇರುತ್ತದೆಂದು ತಿಳಿಯಬೇಡ. ನೆಲದಿಂದ ಸೂರಿನವರೆಗೆ ಸರಿಯುವ ಗಾಜಿನ ಬಾಗಿಲು, ಅದರಾಚೆಗೆ ಕಂಬಿ. ಬಾಗಿಲು ಸರಿಸಿದರೆ ಗಾಳಿ ಬರುತ್ತದೆ, ಹೊರಗೆ ಕಾಲಿಡಲು ಆಗುವುದಿಲ್ಲ. ಮೂರನೆಯದು ನಿಜವಾದ ಬಾಲ್ಕನಿ, ಹೊರಗೆ ಕೂತುಕೊಳ್ಳಬಹುದು. ಆದರೆ ಹಡಗಿನ ಅಗಲ ಹೆಚ್ಚುವುದಿಲ್ಲವಲ್ಲ, ಆ ಜಾಗವನ್ನು ಸಾಮಾನ್ಯವಾಗಿ ಕೋಣೆಯಿಂದಲೇ ಕಡಿದಿರುತ್ತಾರೆ. ಹೊರಗೆ ಎರಡು ಕುರ್ಚಿ ಬಂದರೆ ಒಳಗೆ ಓಡಾಡುವ ಜಾಗ ಹೋಗುತ್ತದೆ.

ಇನ್ನು ಹಗಲಿನ ಲೆಕ್ಕ. ಯೂರೋಪಿನ ನದಿ ಹಡಗುಗಳು ಬಹುಪಾಲು ರಾತ್ರಿ ಸಾಗುತ್ತವೆ, ಬೆಳಗ್ಗೆ ಒಂದು ಊರಿನ ದಡಕ್ಕೆ ಕಟ್ಟಿರುತ್ತವೆ. ನೀವೆಲ್ಲ ಊರು ನೋಡಲು ಇಳಿದು ಹೋಗಿರುತ್ತೀರಿ, ಬಾಲ್ಕನಿ ಖಾಲಿ ಬಿದ್ದಿರುತ್ತದೆ. ಆದ್ದರಿಂದ ಕಂಪನಿಯವರನ್ನು ಕೇಳು: ಒಂದು ವಾರದಲ್ಲಿ ಹಗಲು ಹೊತ್ತು ಹಡಗು ಸಾಗುವುದು ಒಟ್ಟು ಎಷ್ಟು ತಾಸು? ಎರಡು ಕೋಣೆಗಳ ಬೆಲೆಯ ವ್ಯತ್ಯಾಸವನ್ನು ಆ ತಾಸುಗಳಿಂದ ಭಾಗಿಸು. ಒಂದು ತಾಸಿನ ನೋಟಕ್ಕೆ ಇಷ್ಟು ಯೂರೋ ಎಂದು ಕಣ್ಣೆದುರು ಬಂದರೆ ಬಣ್ಣದ ಚಿತ್ರ ನೋಡಿ ಮನಸೋಲುವುದು ತಪ್ಪುತ್ತದೆ.

ರೈನ್‌ನಲ್ಲಿ ಹಗಲಲ್ಲೇ ನೋಡಬೇಕಾದ ಭಾಗ ಒಂದಿದೆ. ಕೋಬ್ಲೆನ್ಸ್‌ನಿಂದ ಬಿಂಗೆನ್‌ವರೆಗಿನ 65 ಕಿಲೋಮೀಟರ್ ಕಣಿವೆ, 2002ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಜಾಗ. ಎರಡೂ ದಡದ ಇಳಿಜಾರಿನಲ್ಲಿ ದ್ರಾಕ್ಷಿ ತೋಟ, ಗುಡ್ಡಗಳ ಮೇಲೆ ಸಾಲು ಕೋಟೆ, ಕೌಬ್ ಊರಿನ ಮುಂದೆ ನದಿಯ ನಡುವೆಯೇ ಸುಂಕದ ಕೋಟೆ. ಅದಾದ ಮೇಲೆ ತಿರುವಿನಲ್ಲಿ... ಇಲ್ಲ, ನೀವು ಪ್ರವಾಹಕ್ಕೆ ಎದುರಾಗಿ ಹೋಗುವುದರಿಂದ ಅದಕ್ಕೂ ಮೊದಲೇ ಲೋರೆಲೈ ಬಂಡೆ ಸಿಗುತ್ತದೆ. ಎದುರು ನೀರಿಗೆ ಹಡಗು ನಿಧಾನ, ಹಾಗಾಗಿ ನೋಡಲು ಹೊತ್ತೂ ಹೆಚ್ಚು ಸಿಗುತ್ತದೆ. ಬಾಲ್ಕನಿಯಲ್ಲಿ ಕೂತವರಿಗೆ ಒಂದೇ ದಡ ಕಾಣುತ್ತದೆ. ಅದಕ್ಕೇ ಈ ಭಾಗ ಬಂದಾಗ ಬಾಲ್ಕನಿಯವರೂ ಎದ್ದು ಸನ್ ಡೆಕ್ಕಿಗೆ ಬರುತ್ತಾರೆ. ಸನ್ ಡೆಕ್ ಅಂದರೆ ನಮ್ಮ ಊರ ಕಟ್ಟೆ ಇದ್ದ ಹಾಗೆ: ಯಾರು ಬೇಕಾದರೂ ಬಂದು ಕೂರಬಹುದು, ಪಕ್ಕದವರ ಜೊತೆ ಮಾತಾಡಬಹುದು. ನಿಮ್ಮಪ್ಪನನ್ನು ನಾನು ಬಲ್ಲೆ. ಕುರುಗೋಡಿನಲ್ಲಿ ದೊಡ್ಡಬಸವೇಶ್ವರ ಗುಡಿಯ ಹತ್ತಿರ ನಾಲ್ಕು ಜನರ ನಡುವೆ ಕೂತು ರೂಢಿಯಾದವನು ಎಂಥ ಬಾಲ್ಕನಿ ಕೊಟ್ಟರೂ ಒಬ್ಬನೇ ಕೂರುವವನಲ್ಲ. ಭಾಷೆ ಬರದಿದ್ದರೂ ಮೇಲೆ ಹೋಗಿ ಯಾರನ್ನಾದರೂ ಗುರುತು ಮಾಡಿಕೊಳ್ಳುತ್ತಾನೆ.

ಕೆಳಗಿನ ಕೋಣೆ ಹೇಗಿರುತ್ತದೆಂದು ನನಗೆ ಗೊತ್ತು. ನಾನೂ ನಿಮ್ಮ ದೊಡ್ಡಮ್ಮನೂ ನ್ಯೂರೆಂಬರ್ಗ್ ಕಡೆಯಿಂದ ಡ್ಯಾನ್ಯೂಬಿಗೆ ಹೋದಾಗ ಅಂಥ ಕೋಣೆಯಲ್ಲೇ ಇದ್ದೆವು. ಅದು ಮೈನ್-ಡ್ಯಾನ್ಯೂಬ್ ಕಾಲುವೆ, 1992ರಲ್ಲಿ ಪೂರ್ತಿಯಾದದ್ದು, 171 ಕಿಲೋಮೀಟರ್ ಉದ್ದ, ದಾರಿಯಲ್ಲಿ 16 ಲಾಕ್. ಹಡಗು ಲಾಕ್ ಒಳಗೆ ಹೋದಾಗ ಎರಡೂ ಬದಿಗೆ ಒಂದೊಂದು ಅಡಿ ಮಾತ್ರ ಉಳಿಯುತ್ತದೆ. ಕಿಟಕಿಯ ತುಂಬ ಒದ್ದೆ ಕಾಂಕ್ರೀಟ್ ಗೋಡೆ, ಅದರ ಮೇಲೆ ಪಾಚಿ, ಇಳಿಯುತ್ತಿರುವ ನೀರಿನ ಗೆರೆಗಳು. ಮಧ್ಯಾಹ್ನದಲ್ಲೇ ಕೋಣೆಯಲ್ಲಿ ದೀಪ ಹಾಕಬೇಕಾಯಿತು. ಮೇಲಕ್ಕೆ ಹತ್ತಿ ನೋಡಿದರೆ ಮೇಲಿನ ಡೆಕ್ಕಿನ ಬಾಲ್ಕನಿಯವರಿಗೂ ಅದೇ ಗೋಡೆ! ಗೋಡೆಯ ಆಚೆಗೆ ಕಾಣುತ್ತಿದ್ದದ್ದು ಸನ್ ಡೆಕ್ಕಿನಲ್ಲಿದ್ದವರಿಗೆ ಮಾತ್ರ. ಆ ಕೋಣೆಯಲ್ಲಿ ನಿದ್ದೆಗೇನೂ ತೊಂದರೆಯಾಗಲಿಲ್ಲ. ನದಿಯಲ್ಲಿ ಅಲೆ ಇಲ್ಲದ್ದರಿಂದ ಹೊಟ್ಟೆ ತೊಳಸುವುದೂ ಇರಲಿಲ್ಲ.

ಇನ್ನೊಂದು ಸಂಗತಿ ಬಣ್ಣದ ಪುಸ್ತಕದಲ್ಲಿ ಬರುವುದಿಲ್ಲ. ಪ್ರವಾಸಿಗರು ತುಂಬಿದ ಊರುಗಳಲ್ಲಿ ದಡದ ಜಾಗ ಸಾಲದೆ ಹಡಗಿನ ಪಕ್ಕಕ್ಕೆ ಹಡಗು ತಂದು ಕಟ್ಟುತ್ತಾರೆ. ಬೆಳಗ್ಗೆ ಎದ್ದು ಬಾಲ್ಕನಿಯ ಪರದೆ ಸರಿಸಿದರೆ ಕೈಯಳತೆಯಲ್ಲಿ ಪಕ್ಕದ ಹಡಗಿನವರು ಕಾಫಿ ಕುಡಿಯುತ್ತಾ ಕೂತಿರುತ್ತಾರೆ. ನಿಮ್ಮವ್ವ ಆ ಪರದೆಯನ್ನು ತಕ್ಷಣ ಮುಚ್ಚಿಬಿಡುತ್ತಾಳೆ. ಈಜಿಪ್ಟಿನ ಲಕ್ಸರ್‌ನಲ್ಲಂತೂ ನಾಲ್ಕೈದು ಹಡಗು ಒಂದರ ಪಕ್ಕ ಒಂದು ನಿಲ್ಲುವುದುಂಟು.

ಹಾಗಾದರೆ ಅಪ್ಪ-ಅವ್ವನಿಗೆ ಯಾಕೆ ನಡುವಿನ ಡೆಕ್ಕಿನ ಕೋಣೆ ಎನ್ನುತ್ತೀಯಾ? ನಿಮ್ಮವ್ವನ ಮೊಣಕಾಲಿಗಾಗಿ. ಯುಗಾದಿಗೆ ಪಾದಯಾತ್ರೆಯವರ ಜೊತೆ ಶ್ರೀಶೈಲಕ್ಕೆ ನಡೆದು ಹೋಗಿ ಬಂದ ಕಾಲು ಅದು, ಈಗ ಮಾಳಿಗೆ ಮೆಟ್ಟಿಲು ಹತ್ತಲೂ ಗೋಡೆ ಹಿಡಿಯುತ್ತಾಳೆ. ಬಹಳಷ್ಟು ನದಿ ಹಡಗುಗಳಲ್ಲಿ ಲಿಫ್ಟ್ ನಡುವಿನ ಡೆಕ್ಕಿಗೂ ಮೇಲಿನ ಡೆಕ್ಕಿಗೂ ಮಾತ್ರ ಓಡುತ್ತದೆ. ಕೆಳಗಿನ ಡೆಕ್ಕಿಗೂ ಇಳಿಯುವುದಿಲ್ಲ, ಸನ್ ಡೆಕ್ಕಿಗೂ ಹತ್ತುವುದಿಲ್ಲ. ಕೆಳಗಿನ ಕ್ಯಾಬಿನ್ ಕೊಟ್ಟರೆ ತಿಂಡಿಗೆ, ಊಟಕ್ಕೆ, ಊರಿಗೆ ಇಳಿಯಲು ಪ್ರತಿ ಸಲವೂ ಮೆಟ್ಟಿಲು. ಯೂರೋಪಿನ ಹಳೇ ಊರುಗಳ ಬೀದಿಗಳು ಕಲ್ಲು ಹಾಸಿನವು, ನೋಡಲು ಚೆಂದ, ಮೊಣಕಾಲಿಗೆ ಕಷ್ಟ. ಒಂದೆರಡು ಮಧ್ಯಾಹ್ನ ಅವಳು 'ನೀವು ಹೋಗಿ ಬರ್ರಿ, ನಾನು ಇಲ್ಲೇ ಇರ್ತೀನಿ' ಅನ್ನುತ್ತಾಳೆ. ಆಗ ಅವಳು ಕೂರುವ ಕೋಣೆಯಲ್ಲಿ ಬೆಳಕು ಬೇಕು, ಬಾಗಿಲು ಸರಿಸಿದರೆ ಗಾಳಿ ಬರಬೇಕು. ಸನ್ ಡೆಕ್ಕಿಗೆ ಹತ್ತಲಾಗದವರಿಗೆ ನದಿ ಕಾಣುವುದು ಆ ಬಾಗಿಲಿನಿಂದಲೇ. ಅವಳಿಗೆ ಅದು ಶೋಕಿ ಅಲ್ಲ, ಅವಶ್ಯಕತೆ. ಅದಕ್ಕೆ ಫ್ರೆಂಚ್ ಬಾಲ್ಕನಿ ಸಾಕು. ಬಾಗಿಲ ಪಕ್ಕ ಕುರ್ಚಿ ಎಳೆದು ಶಾಲು ಹೊದ್ದು ಕೂತರೆ ಆಯಿತು, ಕೋಣೆಯೂ ಇಕ್ಕಟ್ಟಾಗುವುದಿಲ್ಲ. ನೀವೆಲ್ಲರೂ ಸಂಜೆ ಅಲ್ಲೇ ಸೇರಬಹುದು, ಇಡೀ ಮನೆಗೆ ಒಂದು ದೊಡ್ಡ ಕಿಟಕಿ ಇದ್ದರೆ ಸಾಲದೇ?

ಈಗ ಚಿಕ್ಕಮ್ಮನ ವಿಷಯ. ಕ್ರೂಸಿನ ದರವನ್ನು ಇಬ್ಬರು ಒಂದು ಕೋಣೆ ಹಂಚಿಕೊಳ್ಳುವ ಲೆಕ್ಕದಲ್ಲಿ ಹೇಳಿರುತ್ತಾರೆ. ಅಪ್ಪ-ಅವ್ವ ಒಂದು ಕೋಣೆಯಾದರೆ ನೀನು ಇನ್ನೊಂದರಲ್ಲಿ ಒಬ್ಬಳೇ. ಒಬ್ಬರೇ ಇದ್ದರೆ 'ಸಿಂಗಲ್ ಸಪ್ಲಿಮೆಂಟ್' ಎಂದು ಹೆಚ್ಚಿಗೆ ಕೇಳುತ್ತಾರೆ, ಕೆಲವು ಕಡೆ ಅದು ಇನ್ನೊಬ್ಬರ ಪೂರ್ತಿ ದರದಷ್ಟೇ ಆಗಬಹುದು. ಖಾಲಿ ಹಾಸಿಗೆಗೆ ಆ ರೊಕ್ಕ ಕಟ್ಟುವ ಬದಲು ಅದರಲ್ಲಿ ಚಿಕ್ಕಮ್ಮ ಮಲಗಲಿ. ನಿನ್ನ ಕೋಣೆಗೆ ಬಾಲ್ಕನಿ ಬಿಟ್ಟರೆ ಉಳಿಯುವುದನ್ನು ಅವಳ ವಿಮಾನದ ಟಿಕೆಟ್ಟಿಗೆ ಹಾಕು. ದಿನವೂ ಗದ್ದೆಯ ಬದು ತಿರುಗುವ ಅವಳಿಗೆ ಮೆಟ್ಟಿಲಿನ ಭಯ ಇಲ್ಲ, ಕೆಳಗಿನ ಕ್ಯಾಬಿನ್ ಅವಳಿಗೆ ತೊಂದರೆಯೇ ಅಲ್ಲ.

ಮತ್ತೆ, ಆ ನದಿಯನ್ನು ನಿಮ್ಮೆಲ್ಲರಿಗಿಂತ ಚೆನ್ನಾಗಿ ನೋಡುವವಳು ಅವಳೇ. ಕೆಂಚನಗುಡ್ಡದ ಹತ್ತಿರ ತುಂಗಭದ್ರೆಯ ದಡದಲ್ಲಿ ಬೆಳೆದವಳು, ಕಾಲುವೆಗೆ ನೀರು ಬಿಟ್ಟರೆ ಬತ್ತ, ಇಲ್ಲದಿದ್ದರೆ ಇಲ್ಲ ಎಂಬ ಲೆಕ್ಕದಲ್ಲಿ ಬದುಕಿದವಳು. 2024ರ ಆಗಸ್ಟ್ 10ರ ರಾತ್ರಿ ಟಿ.ಬಿ. ಡ್ಯಾಮಿನ 33 ಗೇಟುಗಳಲ್ಲಿ 19ನೆಯದು ಚೈನು ತುಂಡಾಗಿ ಕೊಚ್ಚಿಹೋದಾಗ, ಆ ಜಾಗಕ್ಕೆ ತಾತ್ಕಾಲಿಕ ಗೇಟಾಗಿ ಸ್ಟಾಪ್ ಲಾಗ್ ಕೂರಿಸುವವರೆಗೂ ಟಿ.ವಿ. ಮುಂದಿನಿಂದ ಎದ್ದವಳಲ್ಲ. ನಿಮ್ಮ ದಾರಿಯಲ್ಲಿ ಇಫೆಟ್ಸ್‌ಹೈಮ್‌ನಿಂದ ಬಾಸೆಲ್‌ವರೆಗೆ ಹತ್ತು ಲಾಕ್ ಬರುತ್ತವೆ. ಹಿಂದಿನ ಗೇಟು ಮುಚ್ಚುವುದು, ಒಳಗೆ ನೀರು ತುಂಬುವುದು, ಅಷ್ಟು ದೊಡ್ಡ ಹಡಗು ಪಂಪಿಲ್ಲದೆ ಬರೀ ನೀರಿನ ಬಲದಿಂದ ಮೇಲೇಳುವುದು, ಆಮೇಲೆ ಮುಂದಿನ ಗೇಟು ತೆರೆಯುವುದು. ಅದನ್ನು ನೋಡಲು ಅವಳನ್ನು ಸನ್ ಡೆಕ್ಕಿಗೆ ಕರೆದುಕೊಂಡು ಹೋಗು. ಅವಳು ಕೇಳುವ ಪ್ರಶ್ನೆಗಳಿಗೆ ಗೈಡ್ ಕೂಡ ಯೋಚಿಸಿ ಉತ್ತರ ಹೇಳಬೇಕಾಗುತ್ತದೆ.

ಅವಳು ಬರಬೇಕಾದರೆ ಮೇ ತಿಂಗಳು ಹಿಡಿ. ಎರಡನೇ ಬೆಳೆಯ ಕೊಯ್ಲು ಮುಗಿದಿರುತ್ತದೆ, ಮುಂಗಾರಿನ ಸಸಿಮಡಿ ಇನ್ನೂ ಶುರುವಾಗಿರುವುದಿಲ್ಲ, ಬಳ್ಳಾರಿಯ ಬಿಸಿಲಿನಿಂದಲೂ ಪಾರು. ಜುಲೈ-ಆಗಸ್ಟಿನಲ್ಲಿ ಕರೆದರೆ ನಾಟಿ ಬಿಟ್ಟು ಅವಳು ಬರುವುದಿಲ್ಲ. ಮೇ ತಿಂಗಳಲ್ಲಿ ರೈನ್ ದಡದಲ್ಲಿ ರಾತ್ರಿ ಒಂಬತ್ತರವರೆಗೂ ಬೆಳಕಿರುತ್ತದೆ, ಹಗಲಿನ ತಾಸುಗಳೂ ಹೆಚ್ಚು ಸಿಕ್ಕ ಹಾಗಾಯಿತು. ಆ ನದಿಯಲ್ಲಿ ನೀರು ಇಳಿಯುವುದು ಹೆಚ್ಚಾಗಿ ಅಲ್ಲಿನ ಬೇಸಿಗೆ ಮುಗಿಯುವ ಹೊತ್ತಿಗೆ, ಮೇ ಕಳೆದು ಎಷ್ಟೋ ದಿನಕ್ಕೆ. 2018ರಲ್ಲೂ 2022ರಲ್ಲೂ ಕೌಬ್ ಹತ್ತಿರ ನೀರು ತೀರ ಕಡಿಮೆಯಾಗಿ ಹಡಗುಗಳಿಗೆ ತೊಂದರೆಯಾಗಿತ್ತು. ಹಾಗಾದಾಗ ಪ್ರವಾಸಿಗರನ್ನು ಬಸ್ಸಿನಲ್ಲಿ ಕೂರಿಸಿ ಮುಂದಕ್ಕೆ ಕಳಿಸುವುದುಂಟು. ಆಗ ಯಾವ ಬಾಲ್ಕನಿಯೂ ಕೆಲಸಕ್ಕೆ ಬಾರದು. ಕರಾರಿನಲ್ಲಿ ಆ ಭಾಗವನ್ನು ತಪ್ಪದೆ ಓದು.

ರೊಕ್ಕ ಕಟ್ಟುವ ಮುಂಚೆ ಡೆಕ್ ಪ್ಲಾನ್ ತರಿಸಿಕೊಂಡು ಬೆರಳಿಟ್ಟು ನೋಡು. ಲಿಫ್ಟ್ ಯಾವ ಡೆಕ್ಕಿನಿಂದ ಯಾವ ಡೆಕ್ಕಿಗೆ? ಕೋಣೆ ಹಿಂಭಾಗದ ಎಂಜಿನ್ ಹತ್ತಿರ ಇದೆಯೇ? ಕಿಟಕಿ ತೆರೆಯುತ್ತದೆಯೇ? ಕಣಿವೆಯ ಭಾಗ ಹಗಲಲ್ಲೇ ಬರುತ್ತದೆಯೇ? ಸಸ್ಯಾಹಾರದ ವಿಷಯ ಮೊದಲೇ ಬರೆದು ತಿಳಿಸು. ಷೆಂಗೆನ್ ವೀಸಾಕ್ಕೆ ಕನಿಷ್ಠ 30,000 ಯೂರೋ ಚಿಕಿತ್ಸೆಯ ವಿಮೆ ಬೇಕೇ ಬೇಕು, ಪ್ರಯಾಣಕ್ಕೆ ಆರು ತಿಂಗಳ ಮೊದಲಿನಿಂದ ಅರ್ಜಿ ಹಾಕಬಹುದು. ಶೇಂಗಾ ಚಟ್ನಿಪುಡಿ, ಖಡಕ್ ರೊಟ್ಟಿ ಕಟ್ಟಿಕೊಳ್ಳಲಿ. ತುಪ್ಪ, ಪೇಡೆ ಬೇಡ, ಹೊರಗಿನಿಂದ ಹಾಲಿನ ಪದಾರ್ಥ ಒಳಗೆ ಬಿಡುವುದಿಲ್ಲ.

ಊರಲ್ಲೇ ಇದ್ದು ಇದನ್ನು ಓದುವವರಿಗೆ ಒಂದು ಮಾತು. ನಮ್ಮ ದೇಶದ ನದಿಗಳಲ್ಲಿ ಈ ಲೆಕ್ಕ ತಿರುಗುಮುರುಗಾಗುತ್ತದೆ. ಬ್ರಹ್ಮಪುತ್ರದಲ್ಲಿ ಹಡಗು ಹಗಲು ಸಾಗಿ ರಾತ್ರಿ ಮರಳದಿಬ್ಬದ ಪಕ್ಕ ನಿಲ್ಲುತ್ತದೆ, ಅಲ್ಲಿ ಬಾಲ್ಕನಿಗೆ ಕೊಟ್ಟ ರೊಕ್ಕ ದಿನವಿಡೀ ದುಡಿಯುತ್ತದೆ. ಆಲಪ್ಪುಳದ ಹೌಸ್‌ಬೋಟ್ ಮಧ್ಯಾಹ್ನ ಹೊರಟು, ಮೀನುಗಾರರು ಬಲೆ ಹಾಕುವ ಹೊತ್ತಾಯಿತೆಂದು ಸಂಜೆ ಐದೂವರೆಗೆ ದಡಕ್ಕೆ ಬಂದುಬಿಡುತ್ತದೆ. ಅಲ್ಲಿ ಎಲ್ಲರೂ ಕೂರುವುದು ಮುಂಭಾಗದ ತೆರೆದ ಜಗಲಿಯಲ್ಲಿ, ಮಲಗುವ ಕೋಣೆಗೆ ಹೆಚ್ಚು ಸುರಿಯುವ ಅಗತ್ಯವಿಲ್ಲ. ಗೋದಾವರಿಯಲ್ಲಿ ಪಾಪಿಕೊಂಡಲು ಕಡೆಗೆ ಹೋದರೆ ಮೊದಲು ಲೈಫ್ ಜಾಕೆಟ್ ಕೇಳಿ ಹಾಕಿಕೊಳ್ಳಿ. 2019ರ ಸೆಪ್ಟೆಂಬರಿನಲ್ಲಿ ಕಚ್ಚುಲೂರು ಹತ್ತಿರ ಗೋದಾವರಿಯಲ್ಲಿ ಪ್ರವಾಸಿಗರ ದೋಣಿ ಮುಳುಗಿ ಎಷ್ಟೋ ಮನೆಗಳ ದೀಪ ಆರಿದವು.

ಮಗಳೇ, ದರ ಕೇಳಿದರೆ ನಿಮ್ಮಪ್ಪ 'ಅಷ್ಟು ರೊಕ್ಕ ಯಾಕವ್ವಾ' ಎಂದು ಮೊದಲು ಬೇಡ ಅನ್ನುತ್ತಾನೆ. ಅವನ ಜೊತೆ ವಾದ ಮಾಡಬೇಡ. ಮೊದಲು ಚಿಕ್ಕಮ್ಮನಿಗೆ ಫೋನ್ ಮಾಡಿ ಒಪ್ಪಿಸು. ತಂಗಿ ಹೊರಟಳೆಂದರೆ ನಿಮ್ಮವ್ವ ಹೊರಡುತ್ತಾಳೆ, ಅವ್ವ ಹೊರಟರೆ ಅಪ್ಪ ಹಿಂದೆ ಬರುತ್ತಾನೆ. ಮೂವರ ಪಾಸ್‌ಪೋರ್ಟಿನ ಕೆಲಸ ಇಲ್ಲಿ ನಾನು ನೋಡಿಕೊಳ್ಳುತ್ತೇನೆ. ಲಿಫ್ಟಿನ ಹತ್ತಿರದ ಕೋಣೆಗಳು ಬೇಗ ತುಂಬುತ್ತವೆ, ನೀನು ಅದನ್ನು ಈ ವಾರವೇ ಹಿಡಿದಿಡು.