ಬಯಲಿಲಿಗಳ ಆಹಾರ: ಗುಣಮಟ್ಟವನ್ನು ಅಳೆಯುವ ಬಗೆ

ಚೆನ್ನೈ ನಗರದ ದಕ್ಷಿಣಕ್ಕಿರುವ ಚೆಂಗಲ್ಪಟ್ಟು ಸೀಮೆಯು ಕೆರೆ ನೀರಾವರಿಯ ಭತ್ತದ ಪ್ರದೇಶವಾಗಿದೆ. ಇಲ್ಲಿನ ಇರುಳ ಸಮುದಾಯದವರು ಗದ್ದೆಯ ಬದುಗಳನ್ನು ಅಗೆದು ಇಲಿಗಳನ್ನು ಹಿಡಿಯುವುದರಲ್ಲಿ ನಿಪುಣರು. ಬಿಲದಲ್ಲಿ ದೊರೆಯುವ ಭತ್ತದ ತೆನೆಗಳೂ ಅವರಿಗೆ ಆಹಾರವಾಗುತ್ತಿದ್ದವು. ಆದರೆ ಬಿಲದಲ್ಲಿ ಕೂಡಿಟ್ಟ ತೆನೆಯು ಇಲಿಯ ಆಹಾರದ ಒಂದು ಭಾಗವನ್ನು ಮಾತ್ರ ತಿಳಿಸುತ್ತದೆ. ಅದು ನಿಜವಾಗಿ ಏನನ್ನು ತಿಂದಿತು, ಅದರಿಂದ ಎಷ್ಟು ಪುಷ್ಟಿ ಪಡೆಯಿತು ಎಂಬುದನ್ನು ಬೇರೆ ವಿಧಾನಗಳಿಂದ ಅರಿಯಬೇಕಾಗುತ್ತದೆ.

ಗುಣಮಟ್ಟವೆಂದರೇನು?

ಆಹಾರದ ಪ್ರಮಾಣ ಬೇರೆ, ಗುಣಮಟ್ಟ ಬೇರೆ. ಶಕ್ತಿ, ಪ್ರೋಟೀನು, ಖನಿಜಾಂಶ ಹಾಗೂ ಜೀರ್ಣವಾಗುವ ಗುಣ ಇವೆಲ್ಲವೂ ಗುಣಮಟ್ಟದಲ್ಲಿ ಸೇರುತ್ತವೆ. ಅಕ್ಕಿಯಲ್ಲಿ ಶಕ್ತಿ ಹೇರಳ, ಪ್ರೋಟೀನು ಶೇಕಡಾ 7ರ ಆಸುಪಾಸು. ಏಡಿ, ಬಸವನಹುಳು ಮತ್ತು ಕೀಟಗಳಲ್ಲಿ ಪ್ರೋಟೀನು ಅಧಿಕ. ಸುಮಾರು ಮೂರು ವಾರಗಳಲ್ಲೇ ಮರಿ ಹಾಕುವ ಹೆಣ್ಣಿಲಿಗೆ ಹಾಲೂಡುವ ಕಾಲದಲ್ಲಿ ಪುಷ್ಟಿಕರ ಆಹಾರ ಅತ್ಯಗತ್ಯ. ಆದುದರಿಂದಲೇ ಆಹಾರದ ಗುಣಮಟ್ಟಕ್ಕೂ ಇಲಿಗಳ ಸಂಖ್ಯೆಗೂ ನಿಕಟ ಸಂಬಂಧವಿದೆ.

ಅಳೆಯುವ ವಿಧಾನಗಳು

ಮೊದಲನೆಯದು ಜಠರದ ಪರೀಕ್ಷೆ. ಸಸ್ಯಗಳ ಹೊರಪದರದ ಕೋಶಗಳು ಒಂದೊಂದು ಜಾತಿಯಲ್ಲಿ ಒಂದೊಂದು ಆಕಾರ ಹೊಂದಿರುವುದರಿಂದ ಸೂಕ್ಷ್ಮದರ್ಶಕದ ನೆರವಿನಿಂದ ಅವನ್ನು ಗುರುತಿಸಲಾಗುತ್ತದೆ. ಇದಕ್ಕಾಗಿ ಪ್ರಾಣಿಯನ್ನು ಕೊಲ್ಲಬೇಕಾಗುತ್ತದೆ. ಮೆದು ಆಹಾರವು ಬೇಗ ಕರಗಿ ಲೆಕ್ಕಕ್ಕೆ ತಪ್ಪುವುದೂ ಉಂಟು.

ಎರಡನೆಯದು ಹಿಕ್ಕೆಯಲ್ಲಿರುವ ಸಾರಜನಕದ ಮಾಪನ. ಸಾಮಾನ್ಯವಾಗಿ ಸಾರಜನಕ ಹೆಚ್ಚಿದ್ದರೆ ಆಹಾರದಲ್ಲಿ ಪ್ರೋಟೀನು ಹೆಚ್ಚೆಂದು ತಿಳಿಯಬಹುದು. ಆದರೆ ಟ್ಯಾನಿನ್ ಎಂಬ ಒಗರು ಪದಾರ್ಥವು ಪ್ರೋಟೀನನ್ನು ಬಂಧಿಸಿ ಹೊರಹಾಕಿಸುವುದರಿಂದ ಈ ಸೂಚನೆ ದಾರಿ ತಪ್ಪಿಸಬಹುದು. ಹಿಕ್ಕೆಯಲ್ಲಿನ ಡಿ.ಎನ್.ಎ. ಪರೀಕ್ಷೆಯಿಂದ ತಿಂದ ಜಾತಿಗಳ ಹೆಸರು ತಿಳಿಯುತ್ತದೆ, ಪ್ರಮಾಣ ಮಾತ್ರ ನಿಖರವಾಗಿ ತಿಳಿಯದು.

ಮೂರನೆಯದು ರೋಮದಲ್ಲಿರುವ ಇಂಗಾಲದ ಐಸೋಟೋಪುಗಳ ಪರೀಕ್ಷೆ. ಭತ್ತದಲ್ಲಿ ಇವುಗಳ ಅನುಪಾತ ಒಂದು ಬಗೆ, ಜೋಳ ಮತ್ತು ರಾಗಿಯಲ್ಲಿ ಇನ್ನೊಂದು ಬಗೆ. ರೋಮವು ತಾನು ಬೆಳೆದ ಕಾಲದ ಆಹಾರದ ದಾಖಲೆಯನ್ನು ಉಳಿಸಿಕೊಂಡಿರುತ್ತದೆ.

ಇವುಗಳೊಂದಿಗೆ ದೇಹದ ಉದ್ದಕ್ಕೆ ತಕ್ಕ ತೂಕವಿದೆಯೇ ಎಂಬುದನ್ನೂ ಪರಿಶೀಲಿಸಲಾಗುತ್ತದೆ. ಗರ್ಭಿಣಿ ಇಲಿಗಳನ್ನು ಪ್ರತ್ಯೇಕವಾಗಿ ಲೆಕ್ಕಿಸಬೇಕು. ಯಾವ ವಿಧಾನವೂ ಒಂಟಿಯಾಗಿ ಪರಿಪೂರ್ಣವಲ್ಲ. ಹೊಲದಲ್ಲಿ ಲಭ್ಯವಿದ್ದ ಆಹಾರವನ್ನೂ ಅಳೆದಾಗ ಮಾತ್ರ ಇಲಿಯ ಆಯ್ಕೆ ಸ್ಪಷ್ಟವಾಗುತ್ತದೆ.

ಇತಿಹಾಸದ ಪಾಠ

ಧಾರವಾಡ ಸೀಮೆಯ ಸಸ್ತನಿಗಳ ಕುರಿತು ವಾಲ್ಟರ್ ಎಲಿಯಟ್ ಬರೆದ ವಿವರಣೆ 1839ರಲ್ಲಿ ಮದರಾಸಿನ ಪತ್ರಿಕೆಯೊಂದರಲ್ಲಿ ಪ್ರಕಟವಾಯಿತು. ಎರೆಭೂಮಿಯ ಬಿರುಕುಗಳಲ್ಲಿ ವಾಸಿಸುವ ಮೃದುರೋಮದ ಇಲಿಗಳು ಮುಂಗಾರಿನ ಮಳೆಗೆ ಬಿರುಕು ಮುಚ್ಚಿದಾಗ ಪ್ರತಿವರ್ಷವೂ ಬಹಳವಾಗಿ ಸಾಯುತ್ತಿದ್ದವು. 1826ರಲ್ಲಿ ಆರಂಭದ ಮಳೆ ಕೊರತೆಯಾಯಿತು, ಇಲಿಗಳು ಮಿತಿಮೀರಿದವು. ಬಿತ್ತಿದ ಬೀಜವನ್ನೂ ಜೋಳದ ತೆನೆಯನ್ನೂ ತಿಂದು ಹಾಕಿದವು. ರೈತರು ಕಂದಾಯ ಕಟ್ಟಲಾರದಾದರು. ವಡ್ಡರ ಸಮುದಾಯದವರು ಧಾನ್ಯದ ಕೂಲಿಗೆ ಸಾವಿರಾರು ಇಲಿಗಳನ್ನು ಕೊಂದರೂ ಸಂಖ್ಯೆ ಕುಗ್ಗಿದಂತೆ ಕಾಣಲಿಲ್ಲ. ಆಹಾರದೊಂದಿಗೆ ಹವಾಮಾನ ಮತ್ತು ನೆಲೆಯನ್ನೂ ಗಮನಿಸಬೇಕೆಂಬುದು ಇದರಿಂದ ವ್ಯಕ್ತವಾಗುತ್ತದೆ. ಸಂಖ್ಯೆ ಮಿತಿಮೀರಿದ ಮೇಲೆ ಕೈಗೊಂಡ ಕ್ರಮ ಫಲಿಸುವುದು ಕಷ್ಟವೆಂಬುದೂ ವಿದಿತವಾಗುತ್ತದೆ.

ರೈತರಿಗೆ ಪ್ರಯೋಜನ

ಭತ್ತವು ಹೊಡೆ ಕಟ್ಟಿ ಕಾಳು ತುಂಬುವ ಕಾಲವೇ ಗದ್ದೆಯ ಇಲಿಗಳ ಸಂತಾನವೃದ್ಧಿಯ ಕಾಲ. ಆದ್ದರಿಂದ ಅದಕ್ಕೆ ಮುನ್ನವೇ ಊರಿನವರೆಲ್ಲರೂ ಒಂದಾಗಿ ಬದುಗಳನ್ನು ಸ್ವಚ್ಛಗೊಳಿಸಿ, ಬಿಲಗಳನ್ನು ಅಗೆದು ಇಲಿಗಳನ್ನು ಹಿಡಿಯುವುದು ಉತ್ತಮ. ವಿಷವಿಟ್ಟರೆ ಇಲಿಗಳನ್ನು ತಿನ್ನುವ ಗೂಬೆ ಮೊದಲಾದ ಉಪಕಾರಿ ಜೀವಿಗಳಿಗೂ ಅಪಾಯ ತಟ್ಟಬಹುದು. ವಿಷವಿಟ್ಟ ಗದ್ದೆಯ ಇಲಿಯನ್ನಾಗಲಿ ಬಿಲದ ಧಾನ್ಯವನ್ನಾಗಲಿ ಜನರು ಆಹಾರವಾಗಿ ಬಳಸಕೂಡದು. ಇಲಿಯು ಯಾವಾಗ ಏನನ್ನು ತಿನ್ನುತ್ತದೆ ಎಂಬ ಅರಿವು ಹೀಗೆ ಬೆಳೆಯನ್ನೂ ಜೀವಗಳನ್ನೂ ರಕ್ಷಿಸಲು ನೆರವಾಗುತ್ತದೆ.