ತೋಟದ ಸಣ್ಣ ಯಂತ್ರಗಳಿಗೆ ಯಾವ ಎಣ್ಣೆ?

ಅಡಿಕೆ ತೋಟದಲ್ಲಿ ಹುಲ್ಲು ಕೊಚ್ಚುವುದಕ್ಕೂ ಕೊಳೆರೋಗಕ್ಕೆ ಮದ್ದು ಬಿಡುವುದಕ್ಕೂ ಈಗ ನಾವು ಪೆಟ್ರೋಲ್ ಯಂತ್ರಗಳನ್ನು ನಂಬಿಕೊಂಡಿದ್ದೇವೆ. ಆಳುಗಳು ಸಿಗುವುದು ದುರ್ಲಭವಾದ ಕಾಲದಲ್ಲಿ ಇದು ಅನಿವಾರ್ಯವೇ ಸರಿ. ಆದರೆ ಆಟಿಯ ಮಳೆ ಎರಡು ದಿನ ಬಿಡುವು ಕೊಟ್ಟ ಹೊತ್ತಿಗೇ ಎಂಜಿನು ಸೀಜ್ ಆಗಿ ನಿಂತರೆ ಗತಿಯೇನು? ಬೋರ್ಡೋ ದ್ರಾವಣವನ್ನು ಮಳೆಗಾಲದ ಮುಂಚೆ ಒಮ್ಮೆ, ಅನಂತರ 40–45 ದಿನಗಳಲ್ಲಿ ಇನ್ನೊಮ್ಮೆ ಬಿಡಬೇಕಷ್ಟೆ. ಕೊಳೆರೋಗವು ರಿಪೇರಿಯವನ ಬರವಿಗಾಗಿ ಕಾದು ಕುಳಿತುಕೊಳ್ಳುವುದಿಲ್ಲ. ಎಂಜಿನು ಹೀಗೆ ಕೈಕೊಡುವುದಕ್ಕೆ ಅನೇಕ ಸಲ ಕಾರಣ ಎಣ್ಣೆ. ಎಣ್ಣೆ ಇಲ್ಲದ್ದರಿಂದ ಮಾತ್ರವಲ್ಲ, ತಪ್ಪು ಎಣ್ಣೆ ಹಾಕಿದ್ದರಿಂದಲೂ ಅಳತೆ ತಪ್ಪಿದ್ದರಿಂದಲೂ ಹೀಗಾಗುತ್ತದೆ. ಆದುದರಿಂದ ಈ ವಾರ ಎಣ್ಣೆಯ ಆಯ್ಕೆಯನ್ನು ಪಾಠದ ಕ್ರಮದಲ್ಲಿ ನೋಡೋಣ.

ಮೊದಲು ಯಂತ್ರದ ಜಾತಿ ತಿಳಿಯಿರಿ

ಅಂಗಡಿಗೆ ಹೋಗಿ "ಒಳ್ಳೆಯ ಎಣ್ಣೆ ಕೊಡಿ" ಎಂದು ಕೇಳುವುದು ಸರಿಯಾದ ಕ್ರಮವಲ್ಲ. ಒಂದು ಯಂತ್ರಕ್ಕೆ ಅಮೃತವಾದುದು ಇನ್ನೊಂದಕ್ಕೆ ವಿಷವಾದೀತು. ಸಣ್ಣ ಎಂಜಿನುಗಳಲ್ಲಿ ಎರಡು ಜಾತಿ: ಟೂ ಸ್ಟ್ರೋಕ್ ಮತ್ತು ಫೋರ್ ಸ್ಟ್ರೋಕ್. ಗುರುತಿಸುವುದು ಕಷ್ಟವಲ್ಲ. ಪೆಟ್ರೋಲ್ ಹಾಕುವ ಬಾಯಿ ಒಂದೇ ಇದ್ದು, ಎಣ್ಣೆಗೆ ಬೇರೆ ಬಾಯಿ ಇಲ್ಲದಿದ್ದರೆ ಅದು ಟೂ ಸ್ಟ್ರೋಕ್. ಎಂಜಿನಿನ ಬುಡದಲ್ಲಿ ಎಣ್ಣೆಗೆಂದೇ ಬೇರೆ ಬಿರಡೆ ಇದ್ದರೆ ಅದು ಫೋರ್ ಸ್ಟ್ರೋಕ್. ಹೆಚ್ಚಿನವುಗಳಲ್ಲಿ ಆ ಬಿರಡೆಗೇ ಅಳತೆಯ ಕಡ್ಡಿ ಇರುತ್ತದೆ.

ಟೂ ಸ್ಟ್ರೋಕ್ ಯಂತ್ರದಲ್ಲಿ ಎಣ್ಣೆ ನಿಲ್ಲುವುದಕ್ಕೆ ತಾವೇ ಇಲ್ಲ. ಪೆಟ್ರೋಲಿನೊಡನೆ ಬೆರೆತು ಒಳಹೊಕ್ಕ ಎಣ್ಣೆ ಬೇರಿಂಗು, ಪಿಸ್ಟನುಗಳನ್ನು ನೆನೆಸುತ್ತ ಹೋಗಿ, ಕೊನೆಗೆ ಪೆಟ್ರೋಲಿನೊಡನೆ ಉರಿದುಹೋಗುತ್ತದೆ. ಅಂದರೆ ಈ ಎಣ್ಣೆಗೆ ಜಾರಿಸುವ ಗುಣವಿದ್ದರೆ ಸಾಲದು, ಬೂದಿ ಉಳಿಸದೆ ಉರಿಯುವ ಗುಣವೂ ಬೇಕು. ಫೋರ್ ಸ್ಟ್ರೋಕಿನಲ್ಲಿ ಎಣ್ಣೆ ಬುಡದಲ್ಲಿ ನಿಂತು, ಒಳಗೇ ಚಿಮ್ಮುತ್ತ ಗಂಟೆಗಟ್ಟಲೆ ದುಡಿಯುತ್ತದೆ. ಅದು ಉರಿಯಬಾರದು, ಕಾವನ್ನು ತಾಳಿಕೊಂಡು ಬಾಳಬೇಕು. ಈ ಭೇದ ಮನಸ್ಸಿಗೆ ಬಂದರೆ ಅರ್ಧ ಪಾಠ ಮುಗಿದಂತೆಯೇ.

ಟೂ ಸ್ಟ್ರೋಕ್ ಯಂತ್ರಕ್ಕೆ

ಇದಕ್ಕೆ 2ಟಿ ಎಂಬ ಹೆಸರಿನ ಎಣ್ಣೆಯನ್ನೇ ಕೊಳ್ಳತಕ್ಕದ್ದು. ಕಾರಿನ ಎಣ್ಣೆ ಸರ್ವಥಾ ಸಲ್ಲದು. ಅದರಲ್ಲಿ ಬೆರೆಸಿದ ಲೋಹಾಂಶದ ಮದ್ದುಗಳು ಉರಿದಾಗ ಬೂದಿಯಾಗಿ ಸ್ಪಾರ್ಕ್ ಪ್ಲಗ್ಗಿಗೂ ಪಿಸ್ಟನಿನ ತಲೆಗೂ ಅಂಟಿಕೊಳ್ಳುತ್ತವೆ. ಡಬ್ಬಿಯ ಮೇಲೆ ಜಾಸೋ ಎಫ್‌ಬಿ, ಎಫ್‌ಸಿ ಅಥವಾ ಎಫ್‌ಡಿ ಎಂಬ ಗುರುತನ್ನು ಹುಡುಕಿರಿ. ಇದು ಜಪಾನ್ ದೇಶದ ಮಾನದಂಡ. ಎಫ್‌ಸಿ ಎಂದರೆ ಹೊಗೆ ಕಡಮೆ. ಎಫ್‌ಡಿ ಎಂದರೆ ಅದರೊಡನೆ ಒಳಭಾಗವನ್ನು ಇನ್ನೂ ಶುಚಿಯಾಗಿ ಇಡುವ ಗುಣ.

ಕಡಲ ಕರೆಯ ಊರುಗಳಲ್ಲಿ ಮೀನುಗಾರಿಕೆ ದೋಣಿಗಳ ಔಟ್‌ಬೋರ್ಡ್ ಎಂಜಿನುಗಳ ಎಣ್ಣೆಯೂ ದೊರೆಯುವುದುಂಟು. ಅದರ ಗುರುತು ಟಿಸಿ-ಡಬ್ಲ್ಯು3. ಅದೂ ಟೂ ಸ್ಟ್ರೋಕ್ ಎಣ್ಣೆಯೇ. ಆದರೆ ನೀರಿನಿಂದ ತಣಿಯುವ ಎಂಜಿನಿಗಾಗಿ ಮಾಡಿದ್ದು. ನಮ್ಮ ಹುಲ್ಲು ಕೊಚ್ಚುವ ಯಂತ್ರ ಗಾಳಿಯಿಂದ ತಣಿಯುವಂಥದ್ದು. ಅದರ ಕಾವು ಬಹಳ ಹೆಚ್ಚು. ಆದುದರಿಂದ ದೋಣಿಯ ಎಣ್ಣೆ ದೋಣಿಗೇ ಇರಲಿ.

ಇನ್ನು ಅಳತೆ. ಪುಸ್ತಿಕೆಯಲ್ಲಿ 50:1 ಎಂದಿದ್ದರೆ 1 ಲೀಟರ್ ಪೆಟ್ರೋಲಿಗೆ 20 ಮಿಲಿಲೀಟರ್ ಎಣ್ಣೆ. 40:1 ಎಂದಿದ್ದರೆ 25. 25:1 ಎಂದಿದ್ದರೆ 40. ಸಾವಿರವನ್ನು ಮೊದಲ ಅಂಕೆಯಿಂದ ಭಾಗಿಸಿದರೆ ಆಯಿತು. ಮನೆಯ ಶಾಲಾ ಮಕ್ಕಳಿಗೆ ಈ ಲೆಕ್ಕ ಕೊಟ್ಟು ನೋಡಿರಿ. ಬಾಟಲಿಯ ಮುಚ್ಚಳದಲ್ಲಿ ಅಂದಾಜಿಗೆ ಹೊಯ್ಯುವ ಅಭ್ಯಾಸ ಬಿಡಬೇಕು. ಮದ್ದಿನಂಗಡಿಯ ಸೂಜಿಯಿಲ್ಲದ ಸಿರಿಂಜು ಒಂದಿದ್ದರೆ ಅಳತೆ ತಪ್ಪದು. ಬೇರೆ ಕ್ಯಾನಿನಲ್ಲಿ ಅರ್ಧ ಪೆಟ್ರೋಲ್ ಹಾಕಿ, ಎಣ್ಣೆ ಹೊಯ್ದು ಕುಲುಕಿ, ಉಳಿದ ಪೆಟ್ರೋಲ್ ಸೇರಿಸಿ ಮತ್ತೆ ಕುಲುಕಿರಿ. ಯಂತ್ರದ ಟ್ಯಾಂಕಿನಲ್ಲಿಯೇ ಬೆರೆಸಬಾರದು. ಬೀಡಿ, ಬೆಂಕಿ ಹತ್ತಿರ ಸುಳಿಯಕೂಡದು.

"ಎಣ್ಣೆ ಸ್ವಲ್ಪ ಜಾಸ್ತಿಯಾದರೆ ಎಂಜಿನಿಗೆ ಒಳ್ಳೆಯದೇ ಅಲ್ಲವೇ?" ಎಂದು ಕೆಲವರು ಕೇಳುವುದುಂಟು. ಅಲ್ಲ. ಹೆಚ್ಚಾದ ಎಣ್ಣೆ ಪೂರ್ತಿ ಉರಿಯದೆ ಮಸಿಯಾಗಿ ಹೊಗೆಯ ದಾರಿಯನ್ನು ಕಟ್ಟುತ್ತದೆ. ಪ್ಲಗ್ಗು ಒದ್ದೆಯಾಗಿ ಕಿಡಿ ಹಾರುವುದಿಲ್ಲ. ಯಂತ್ರದ ಬಲ ಕುಗ್ಗುತ್ತದೆ. ಕಡಮೆಯಾದರಂತೂ ಪಿಸ್ಟನು ಉಜ್ಜಿ ಸಿಲಿಂಡರಿಗೆ ಗೀರು ಬೀಳುತ್ತದೆ. ಎಣ್ಣೆಯ ನೀಲಿ, ಹಸಿರು, ಕೆಂಪು ಬಣ್ಣಗಳನ್ನು ನೋಡಿ ಗುಣವನ್ನು ಎಣಿಸಬಾರದು. ಬೆರೆಸಿದ ಪೆಟ್ರೋಲನ್ನು ಬೆರೆಸದುದರಿಂದ ಬೇರ್ಪಡಿಸಿ ಗುರುತಿಸಲೆಂದೇ ಆ ಬಣ್ಣ.

ಇಲ್ಲಿ ಇನ್ನೊಂದು ಎಚ್ಚರ. 2025ರ ಹೊತ್ತಿಗೆ ನಮ್ಮ ದೇಶದ ಪೆಟ್ರೋಲಿನಲ್ಲಿ ಶೇಕಡಾ 20ರಷ್ಟು ಎಥನಾಲ್ ಸೇರುವಂತಾಗಿದೆ. ಎಥನಾಲ್ ನೀರಿನ ಪಸೆಯನ್ನು ಹೀರುವ ವಸ್ತು. ಮಳೆಗಾಲದ ತೇವದಲ್ಲಿ ಹಳೆಯ ಪೆಟ್ರೋಲನ್ನು ಇಟ್ಟರೆ ನೀರೂ ಎಥನಾಲೂ ಕೂಡಿ ಬೇರೆಯಾಗಿ ತಳಕ್ಕೆ ಇಳಿಯಬಹುದು. ಎಣ್ಣೆ ಮೇಲಿನ ಪದರದಲ್ಲಿ ಉಳಿಯುತ್ತದೆ. ಎಂಜಿನು ಹೀರುವುದು ತಳದಿಂದ! ಆದುದರಿಂದ ಎರಡು ವಾರಕ್ಕೆ ಸಾಲುವಷ್ಟನ್ನೇ ಬೆರೆಸಿ, ಕ್ಯಾನಿನ ಮುಚ್ಚಳವನ್ನು ಬಿಗಿಯಾಗಿಡಿರಿ. ಕೆಲಸ ಮುಗಿದು ಯಂತ್ರವನ್ನು ಅಟ್ಟಕ್ಕೆ ಏರಿಸುವ ಮೊದಲು ಟ್ಯಾಂಕು ಖಾಲಿಯಾಗಿರಲಿ.

ಫೋರ್ ಸ್ಟ್ರೋಕ್ ಯಂತ್ರಕ್ಕೆ

ಇಲ್ಲಿ ಡಬ್ಬಿಯ ಮೇಲೆ ಎರಡು ಸಂಗತಿಗಳನ್ನು ಓದಬೇಕು. ಒಂದನೆಯದು ಎಸ್‌ಎಇ ಅಂಕೆ. ಅಮೇರಿಕದ ಮೋಟಾರು ಎಂಜಿನಿಯರರ ಸಂಘವು 1911ರಲ್ಲಿ ಆರಂಭಿಸಿದ ಈ ವರ್ಗೀಕರಣವು ಎಣ್ಣೆಯ ಮಂದತೆಯನ್ನು ಮಾತ್ರ ತಿಳಿಸುತ್ತದೆ, ಗುಣವನ್ನಲ್ಲ. ನಮ್ಮ ತೆಂಗಿನೆಣ್ಣೆ ಧನುರ್ಮಾಸದ ಮುಂಜಾನೆ ಗಟ್ಟಿಯಾಗಿ, ಬಿಸಿಲೇರಿದಂತೆ ನೀರಾಗುವುದನ್ನು ನೋಡಿದ್ದೇವಲ್ಲ? ಎಂಜಿನಿನ ಎಣ್ಣೆ ಹಾಗೆ ಹೆಪ್ಪುಗಟ್ಟದಿದ್ದರೂ ಚಳಿಗೆ ಮಂದವಾಗಿ ಕಾವಿಗೆ ತೆಳುವಾಗುತ್ತದೆ. 30 ಎಂಬುದು 100 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಅಳೆದ ಮಂದತೆಯ ವರ್ಗ. 10ಡಬ್ಲ್ಯು-30 ಎಂಬಲ್ಲಿ ಮೊದಲಿನ ಅಂಕೆ ಚಳಿಯ ನಡತೆಯನ್ನೂ, ಕೊನೆಯದು ಕಾವಿನ ನಡತೆಯನ್ನೂ ಹೇಳುತ್ತದೆ. ಹಿಮ ಬೀಳದ ನಮ್ಮ ಕರಾವಳಿ ಸೀಮೆಯಲ್ಲಿ ಪುಸ್ತಿಕೆ ಒಪ್ಪುವುದಾದರೆ ಬರಿಯ 30 ಆದರೂ ಆದೀತು, 10ಡಬ್ಲ್ಯು-30 ಆದರೂ ಆದೀತು. ಮಂದವಾದಷ್ಟೂ ಒಳ್ಳೆಯದೆಂದು ತಿಳಿದು 30ರ ಎಂಜಿನಿಗೆ 50 ಹಾಕಬಾರದು. ಅದು ಇಕ್ಕಟ್ಟಿನ ಎಡೆಗಳಿಗೆ ಬೇಗನೆ ತಲಪದು.

ಎರಡನೆಯದು ಎಪಿಐ ಅಕ್ಷರಗಳು. ಪೆಟ್ರೋಲ್ ಎಂಜಿನಿನ ಎಣ್ಣೆಗೆ ಎಸ್ ಎಂಬ ಅಕ್ಷರ ಮೊದಲು ಬರುತ್ತದೆ. ಅದರ ಮುಂದಿನ ಅಕ್ಷರ ಇಂಗ್ಲಿಷ್ ಅಕ್ಷರಮಾಲೆಯಲ್ಲಿ ಮುಂದೆ ಹೋದಷ್ಟೂ ಎಣ್ಣೆ ಹೊಸ ಮಾನದಂಡದ್ದು. ಪುಸ್ತಿಕೆಯಲ್ಲಿ ಎಸ್‌ಜೆ ಎಂದಿದ್ದರೆ ಎಸ್‌ಎಲ್, ಎಸ್‌ಎನ್ ಎಂಬುವೂ ಸಲ್ಲುತ್ತವೆ.

ಮಟ್ಟ ನೋಡುವುದು ಸಮನೆಲದಲ್ಲಿ. ನಮ್ಮ ತೋಟಗಳು ಇಳಿಜಾರಿನವು; ಓರೆಯಾಗಿ ಇಟ್ಟ ಯಂತ್ರದ ಕಡ್ಡಿ ಸುಳ್ಳು ಹೇಳುತ್ತದೆ. ಮದ್ದು ಬಿಡುವ ಪಂಪಿನ ಎಂಜಿನು ಬಹಳ ಓರೆಯಾಗಿ ದುಡಿದರೆ ಎಣ್ಣೆ ಒಂದು ಪಕ್ಕಕ್ಕೆ ಸರಿದು ಇನ್ನೊಂದು ಪಕ್ಕ ಒಣಗುತ್ತದೆ. ಅದಕ್ಕೊಂದು ಹಲಗೆಯ ಸಮತಟ್ಟು ಮಾಡಿಕೊಡಿರಿ. ಮಟ್ಟಕ್ಕಿಂತ ಹೆಚ್ಚು ತುಂಬಿದರೆ ಎಣ್ಣೆ ಗಾಳಿ ಸೋಸುವ ಡಬ್ಬಿಗೆ ಉಕ್ಕಿ ಹೊಗೆ ಕಾರುತ್ತದೆ.

ಪಂಪು ನಡೆಸುವ ಎಂಜಿನುಗಳಲ್ಲಿ ಸಾಮಾನ್ಯವಾಗಿ ಮೊದಲ 20 ಗಂಟೆಗಳ ದುಡಿಮೆಯ ಮೇಲೆ ಎಣ್ಣೆ ಬದಲಿಸಬೇಕು. ಹೊಸ ಭಾಗಗಳು ಉಜ್ಜಿ ಉದುರಿದ ಲೋಹದ ಪುಡಿ ಅದರಲ್ಲಿರುತ್ತದೆ. ಅನಂತರ 100 ಗಂಟೆಗೆ ಅಥವಾ 6 ತಿಂಗಳಿಗೆ, ಯಾವುದು ಮೊದಲೋ ಆಗ. ಹೆಗಲಿಗೆ ಹಾಕುವ ಸಣ್ಣ ಎಂಜಿನುಗಳಿಗೆ ಅವಧಿ ಇನ್ನೂ ಕಡಮೆ; ಪುಸ್ತಿಕೆ ನೋಡಿರಿ. ಗಂಟೆಗಳನ್ನು ಒಂದು ನೋಟುಬುಕ್ಕಿನಲ್ಲಿ ಬರೆದಿಡುವುದು ಲೇಸು. ಎಂಜಿನು ಉಗುರುಬೆಚ್ಚಗಿರುವಾಗ ಬಸಿದರೆ ಕೊಳೆ ಪೂರ್ತಿ ಇಳಿಯುತ್ತದೆ. ಬಸಿದ ಎಣ್ಣೆಯನ್ನು ಅಡಿಕೆಯ ಬುಡಕ್ಕಾಗಲಿ ತೋಡಿಗಾಗಲಿ ಚೆಲ್ಲಬೇಡಿರಿ. ನಾವು ಕುಡಿಯುವುದು ಅದೇ ಗುಡ್ಡದ ಸುರಂಗದ ನೀರನ್ನು. ಡಬ್ಬಿಯಲ್ಲಿ ತುಂಬಿ, ಹಳೆಯ ಎಣ್ಣೆ ಸಂಗ್ರಹಿಸುವ ಗ್ಯಾರೇಜಿಗೆ ಕೊಡಿರಿ.

ನೆನಪಿಡತಕ್ಕವು

1. ಮೊದಲು ಜಾತಿ, ಆಮೇಲೆ ಡಬ್ಬಿಯ ಗುರುತು, ಕೊನೆಗೆ ಬೆಲೆ.
2. ಟೂ ಸ್ಟ್ರೋಕಿಗೆ 2ಟಿ, ಸಿರಿಂಜಿನ ಅಳತೆಯಲ್ಲಿ.
3. ಫೋರ್ ಸ್ಟ್ರೋಕಿಗೆ ಪುಸ್ತಿಕೆ ಹೇಳಿದ ಎಸ್‌ಎಇ ಅಂಕೆ ಮತ್ತು ಎಪಿಐ ಅಕ್ಷರ. ಪ್ರತಿ ದಿನ ಚಾಲೂ ಮಾಡುವ ಮೊದಲು ಮಟ್ಟದ ಪರೀಕ್ಷೆ.
4. ಬೆರೆಸಿದ ಪೆಟ್ರೋಲಿನ ಕ್ಯಾನಿಗೂ ಬೆರೆಸದುದಕ್ಕೂ ಬೇರೆ ಬೇರೆ ಬಣ್ಣದ ಗುರುತು.

ಪುಸ್ತಿಕೆ ಕಳೆದುಹೋಗಿದ್ದರೆ ಯಂತ್ರದ ಮಾದರಿಯ ಹೆಸರನ್ನು ಬರೆದುಕೊಂಡು ಹೋಗಿ ಮಾರಿದವರಲ್ಲಿ ಕೇಳಿ ತಿಳಿಯಿರಿ. ಆ ಅಂಕೆಗಳನ್ನು ಯಂತ್ರದ ಮೈಮೇಲೆಯೇ ಪೈಂಟಿನಲ್ಲಿ ಬರೆಯಿಸಿರಿ. ಯಂತ್ರ ನಡೆಸುವುದು ನಾವೇ ಆಗಿರಲಿ, ಕೂಲಿಗೆ ಬಂದವನಾಗಿರಲಿ, ಓದಿ ಹಾಕಿದರೆ ಸಾಕು. ಪತ್ತನಾಜೆಗೆ ಮುಂಚೆ ಇಷ್ಟನ್ನು ಮಾಡಿಟ್ಟುಕೊಳ್ಳುವುದು ಉತ್ತಮ.