ಸೋಗೋ, ರೋಗವೋ?



ಕನ್ನಡ ಮಾಸ್ತರರಿಗೆ ರೋಗಗಳ ಗೊಡವೆ ಏಕೆಂದು ನೀವು ಕೇಳಬಹುದು. ಕಾರಣವಿದೆ. ಹಲವು ವರ್ಷಗಳ ಹಿಂದೆ, ಬೇರೊಂದು ಶಾಲೆಯಲ್ಲಿ, ನನ್ನ ವರ್ಗದ ಒಬ್ಬ ಹುಡುಗಿ ಬೆಳಿಗ್ಗೆ ಪದ್ಯವನ್ನು ಸ್ಪಷ್ಟವಾಗಿ ಓದುತ್ತಿದ್ದಳು. ಮಧ್ಯಾಹ್ನದ ಹೊತ್ತಿಗೆ ಅವಳ ರೆಪ್ಪೆಗಳು ಜೋಲುತ್ತಿದ್ದವು, ಮಾತು ಮೂಗಿನಲ್ಲಿ ಬರುತ್ತಿತ್ತು. “ಮುಂಜಾನೆ ಬರುವುದು ಮಧ್ಯಾಹ್ನ ಏಕೆ ಬರುವುದಿಲ್ಲ? ಸೋಗು ಸಾಕು” ಎಂದು ಎಲ್ಲರೆದುರು ಗದರಿಸಿದೆ. ಮನೆಯವರು ಗಾಳಿ ಸೋಕಿದೆಯೆಂದು ತಾಯಿತ ಕಟ್ಟಿಸಿದರು; ನೆರೆಯ ಮರಾಠಿ ಮನೆಯವರು ‘ಬಾಹೇರಚಿ ಬಾಧಾ’ ಎಂದರು. ಕಡೆಗೆ ಕೊಲ್ಹಾಪುರದ ನರರೋಗ ತಜ್ಞರೊಬ್ಬರು ಪರೀಕ್ಷಿಸಿ, ಇದು ‘ಮಯಸ್ತೇನಿಯಾ ಗ್ರೇವಿಸ್’ ಎಂದು ಹೇಳಿದರು.

ನಮ್ಮ ರಕ್ತದಲ್ಲಿ ರೋಗಾಣುಗಳೊಡನೆ ಹೋರಾಡುವ ಪ್ರತಿಕಾಯಗಳೆಂಬ ಕಾವಲುಗಾರರಿರುತ್ತಾರೆ. ಅವು ದಾರಿ ತಪ್ಪಿ ಸ್ವಂತ ಶರೀರದ ಮೇಲೆಯೇ ಏರಿಹೋದರೆ ಅದು ಸ್ವಪ್ರತಿರಕ್ಷಾ ರೋಗ. ಬೇಲಿಯೇ ಎದ್ದು ಹೊಲ ಮೇಯ್ದಂತೆ! ನರದ ತುದಿಯಿಂದ ಹೊರಡುವ ಅಸಿಟೈಲ್‌ಕೋಲಿನ್ ಎಂಬ ರಸವು ಸ್ನಾಯುವಿನ ಮೇಲಿನ ಗ್ರಾಹಕಗಳಿಗೆ ತಾಗಿದಾಗ ಸ್ನಾಯು ಅಲುಗುತ್ತದೆ. ಮಯಸ್ತೇನಿಯಾದಲ್ಲಿ ಪ್ರತಿಕಾಯಗಳು ಈ ಗ್ರಾಹಕಗಳನ್ನೇ ಕೆಡಿಸುತ್ತವೆ. ಆದ್ದರಿಂದ ಸ್ನಾಯು ದುಡಿದಷ್ಟೂ ಸೋಲುತ್ತದೆ, ವಿಶ್ರಾಂತಿ ಸಿಕ್ಕರೆ ಚೇತರಿಸುತ್ತದೆ. 1934ರಲ್ಲಿ ಇಂಗ್ಲೆಂಡಿನ ಮೇರಿ ವಾಕರ್ ಎಂಬ ವೈದ್ಯೆ ಫೈಸೊಸ್ಟಿಗ್ಮಿನ್ ಚುಚ್ಚುಮದ್ದು ಕೊಟ್ಟಾಗ ಜೋತುಬಿದ್ದ ರೆಪ್ಪೆ ಮೇಲೆದ್ದಿತು. 1973ರಲ್ಲಿ ಪ್ಯಾಟ್ರಿಕ್ ಮತ್ತು ಲಿಂಡ್‌ಸ್ಟ್ರಾಮ್ ಎಂಬವರು ವಿದ್ಯುತ್ ಈಲ್ ಮೀನಿನ ಗ್ರಾಹಕಗಳನ್ನು ಮೊಲಗಳಿಗೆ ಚುಚ್ಚಿದರು. ಮೊಲಗಳಲ್ಲಿ ಪ್ರತಿಕಾಯಗಳು ಹುಟ್ಟಿ ಅವು ನಿಶ್ಶಕ್ತವಾದವು, ಕಾರಣ ಬಯಲಾಯಿತು. 2007ರಲ್ಲಿ ದಾಲ್ಮಾವ್ ಎಂಬ ವೈದ್ಯರ ತಂಡ ಮೆದುಳಿಗೇ ಇಂಥ ಕಾಟ ಕೊಡುವ ಇನ್ನೊಂದು ಪ್ರತಿಕಾಯವನ್ನು ಗುರುತಿಸಿತು. ಆ ರೋಗ ಬಂದವರು ಮೊದಲು ಏನೇನೋ ಮಾತನಾಡುತ್ತಾರೆ, ಅನಂತರ ಫಿಟ್ಸ್ ಬರುತ್ತದೆ. ದೆವ್ವವೆಂದು ತಿಳಿಯಲು ಇನ್ನೇನು ಬೇಕು?

ಹಾಗಾದರೆ ಪರೀಕ್ಷೆಯಲ್ಲಿ ಏನೂ ಸಿಗದವರದೆಲ್ಲ ಸೋಗೇ? ಅಲ್ಲ. ಕೈಕಾಲು ಬಲವಿಲ್ಲದಾಗುವುದು, ನಡುಗುವುದು, ಫಿಟ್ಸಿನಂತೆ ಬೀಳುವುದು ಇವೆಲ್ಲ ಇದ್ದೂ ನರಗಳಲ್ಲಿ ಗಾಯ ಕಾಣದ ರೋಗವೊಂದಿದೆ. ಅದೇ ಕ್ರಿಯಾತ್ಮಕ ನರರೋಗ. ಹಿಂದೆ ಇದನ್ನು ಹಿಸ್ಟೀರಿಯಾ ಎನ್ನುತ್ತಿದ್ದರು. ಗ್ರೀಕ್ ಭಾಷೆಯಲ್ಲಿ ಆ ಮಾತಿನ ಮೂಲ ಗರ್ಭಕೋಶ! ಹೆಂಗಸರ ಮೇಲೆ ಎಷ್ಟು ಸುಲಭವಾಗಿ ಹೊರಿಸಿಬಿಟ್ಟರು ನೋಡಿ. ಇಲ್ಲಿ ಯಂತ್ರ ಮುರಿದಿಲ್ಲ, ನಡೆಸುವ ಕ್ರಮ ತಪ್ಪಿದೆ. ರೋಗಿ ಬೇಕೆಂದು ಮಾಡುವುದಲ್ಲ. ಇದನ್ನು ಗುರುತಿಸುವ ಒಂದು ಜಾಣ ಉಪಾಯವನ್ನು 1908ರಲ್ಲಿ ಹೂವರ್ ಎಂಬ ವೈದ್ಯರು ಹೇಳಿದರು. ಮಲಗಿದ ರೋಗಿಗೆ ಬಲವಿಲ್ಲದ ಕಾಲನ್ನು ಕೆಳಕ್ಕೆ ಒತ್ತು ಎಂದರೆ ಒತ್ತಲಾಗದು. ಚೆನ್ನಾಗಿರುವ ಕಾಲನ್ನು ಮೇಲೆತ್ತು ಎಂದರೆ ಅದೇ ಸೋತ ಕಾಲು ತಾನಾಗಿ ಕೆಳಕ್ಕೆ ಒತ್ತುತ್ತದೆ.

ಇವೆರಡು ರೋಗಗಳಿಗೂ ನಂಟೇನು? ಒಂದನ್ನು ಇನ್ನೊಂದೆಂದು ತಿಳಿಯುವ ಭ್ರಮೆ ಮೊದಲನೆಯದು. ಆದರೆ 2005ರಲ್ಲಿ ಸ್ಟೋನ್ ಮತ್ತು ಸಂಗಡಿಗರು ಹಳೆಯ ವರದಿಗಳನ್ನು ಒಟ್ಟುಮಾಡಿ ನೋಡಿದಾಗ, 1970ರಿಂದೀಚೆಗೆ ಇಂಥ ತಪ್ಪು ನಿದಾನ ನೂರಕ್ಕೆ ಸುಮಾರು 4 ಮಾತ್ರವೆಂದು ಕಂಡಿತು. ಎರಡನೆಯ ನಂಟು ಇನ್ನೂ ಸೂಕ್ಷ್ಮ: ಮಲ್ಟಿಪಲ್ ಸ್ಕ್ಲೆರೋಸಿಸ್‌ನಂಥ ಪ್ರತಿರಕ್ಷೆಯ ರೋಗವಿದ್ದವರಿಗೇ ಕ್ರಿಯಾತ್ಮಕ ರೋಗವೂ ಜೊತೆಗೂಡಬಹುದು. ಕಾಲು ನಿಜವಾಗಿ ಒಮ್ಮೆ ಸೋತಾಗ, ಮೆದುಳು ಆ ಸೋಲನ್ನೇ ಕಲಿತುಬಿಟ್ಟಂತೆ. ಹಾಗೆಂದು ಕ್ರಿಯಾತ್ಮಕ ರೋಗಕ್ಕೆ ಪ್ರತಿಕಾಯಗಳೇ ಕಾರಣವೆಂದು ಸಿದ್ಧವಾಗಿಲ್ಲ. ಒಂದಕ್ಕೆ ಪ್ರತಿರಕ್ಷೆಯನ್ನು ತಗ್ಗಿಸುವ ಔಷಧ ಬೇಕು. ಇನ್ನೊಂದಕ್ಕೆ ತಿಳಿಹೇಳುವಿಕೆ, ತಕ್ಕ ವ್ಯಾಯಾಮ, ಮನಶ್ಶಾಸ್ತ್ರದ ಚಿಕಿತ್ಸೆ ಬೇಕು. ಎರಡೂ ಇದ್ದವರಿಗೆ ಎರಡೂ ಬೇಕು. 1974ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನರರೋಗ ಮತ್ತು ಮನೋರೋಗ ವಿಭಾಗಗಳು ಒಟ್ಟಿಗೇ ಇರುವುದು ಇದಕ್ಕಾಗಿ ಎಷ್ಟು ಅನುಕೂಲ!

ಆ ಹುಡುಗಿ ಗುಳಿಗೆ ತೆಗೆದುಕೊಳ್ಳುತ್ತ ಶಾಲೆಗೆ ಮರಳಿದಳು. ನಾನು ಅದೇ ವರ್ಗದೆದುರು ತಪ್ಪೊಪ್ಪಿಕೊಂಡು, ಅವಳ ಓದಿನ ಸರದಿಯನ್ನು ಮುಂಜಾನೆಯ ಮೊದಲ ತಾಸಿಗೆ ಇಟ್ಟೆ.